ಮುಳ್ಳಯ್ಯನಗಿರಿ

ಚಿಕ್ಕಮಗಳೂರು ನಗರದ ಉತ್ತರಕ್ಕೆ ಕುದುರೆಯ ಲಾಳದಂತೆ ಬಾಗಿದ ಗಿರಿಶ್ರೇಣಿಯೊಂದಿದೆ. ಇದೇ ಚಂದ್ರದ್ರೋಣ ಪರ್ವತ. ಬಾಬಾಬುಡನ್ ಗಿರಿಶ್ರೇಣಿಯೆಂಬುದು ಇದರ ಮತ್ತೊಂದು ಹೆಸರು. ಈ ಶ್ರೇಣಿಯಲ್ಲಿ ತಲೆಯೆತ್ತಿ ನಿಂತಿರುವ ಮುಳ್ಳಯ್ಯನಗಿರಿಯು ಕರ್ನಾಟಕದ ಅತ್ಯುನ್ನತ ಶಿಖರ. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 1,930 ಮೀಟರ್. ಇದರ ನೆತ್ತಿಯ ಮೇಲೆ ಮುಳ್ಳಪ್ಪಸ್ವಾಮಿಯ ಚಿಕ್ಕ ದೇವಾಲಯವಿದೆ. ಆ ತಪಸ್ವಿಯಿಂದಲೇ ಶಿಖರಕ್ಕೆ ಈ ಹೆಸರು ಬಂದಿತೆಂದು ಪ್ರತೀತಿ.

ಶಿಖರದ ಹಿರಿಮೆ ಅದರ ಎತ್ತರವೊಂದರಲ್ಲಿಯೇ ಇಲ್ಲ. ಅದು ನೀರನ್ನು ಹಂಚುವ ಬಗೆಯಲ್ಲಿದೆ. ಇಲ್ಲಿಂದ ಅರಬ್ಬೀ ಸಮುದ್ರವು ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿದೆ. ನೈಋತ್ಯ ಮಾರುತಗಳು ಆ ಕಡಲಿನ ತೇವವನ್ನು ಹೊತ್ತು ತಂದು ಈ ಗಿರಿಗಳ ಮೇಲೆ ಮಳೆಗರೆಯುತ್ತವೆ. ಆದರೆ ಇಲ್ಲಿ ಬಿದ್ದ ನೀರು ಮರಳಿ ಆ ಕಡಲನ್ನು ಸೇರುವುದಿಲ್ಲ. ದಕ್ಷಿಣದ ಇಳಿಜಾರಿನ ನೀರು ಯಗಚಿಯಾಗಿ ಬೇಲೂರಿನ ಮೂಲಕ ಹರಿದು, ಹೇಮಾವತಿಯೊಡಗೂಡಿ ಕಾವೇರಿಯನ್ನು ಸೇರುತ್ತದೆ. ಲಾಳದ ಒಳಗಿರುವ ಜಾಗರ ಕಣಿವೆಯ ನೀರು ಭದ್ರೆಯ ಪಾಲಾಗುತ್ತದೆ. ಪೂರ್ವದಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಭದ್ರೆ ಮತ್ತು ವೇದಾವತಿಗಳ ನೀರು ತುಂಗಭದ್ರೆಯ ಮೂಲಕ ಕೃಷ್ಣೆಗೆ ಸಲ್ಲುತ್ತದೆ. ಹೀಗೆ ಒಂದೇ ಗಿರಿಯ ಮಳೆಯು ಎರಡು ಮಹಾನದಿಗಳಿಗೆ ಹಂಚಿಹೋಗಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ.

ಮಳೆಗಾಳಿಯನ್ನು ಈ ಗಿರಿಗಳು ತಡೆಯುವುದರಿಂದ ಪೂರ್ವದ ಬಯಲುಸೀಮೆಗೆ ಮಳೆ ಕಡಿಮೆ. ಆ ಒಣನೆಲಕ್ಕೆ ವೇದಾವತಿಯೇ ಆಸರೆ. ಹಿರಿಯೂರಿನ ಸಮೀಪ ಈ ನದಿಗೆ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಹರಿದ ಈ ಜಲಾಶಯವು ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅಲ್ಲಿ ನೀರಿನ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಶಿಖರದ ಮೇಲ್ಭಾಗವೆಲ್ಲ ಹುಲ್ಲುಗಾವಲು. ಗಾಳಿಯ ಹೊಡೆತಕ್ಕೆ ಮರೆಯಾದ ಮಡಿಲುಗಳಲ್ಲಿ ಮಾತ್ರ ಗಿಡ್ಡಮರಗಳ ದಟ್ಟವಾದ ಶೋಲಾ ಕಾಡು ಬೆಳೆದಿದೆ. ಮರಗಳಿಲ್ಲದ ಹುಲ್ಲುನೆಲವನ್ನು ಬರಡು ಭೂಮಿಯೆಂದು ತಿಳಿಯುವುದು ತಪ್ಪು. ಹುಲ್ಲಿನ ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ. ಶೋಲಾದ ತರಗೆಲೆಯ ಹಾಸು ಮಳೆನೀರನ್ನು ಹೀರಿಕೊಂಡು, ಮಳೆ ನಿಂತ ಮೇಲೂ ಮೆಲ್ಲಮೆಲ್ಲನೆ ಹೊರಬಿಡುತ್ತದೆ. ಬೇಸಗೆಯ ಕಾಡುಕಿಚ್ಚು, ಇಳಿಜಾರುಗಳನ್ನು ಕಡಿದು ಮಾಡಿದ ರಸ್ತೆ, ಪ್ರವಾಸಿಗರು ಎಸೆದ ಕಸ ಇವುಗಳಿಂದ ಈ ಹೊದಿಕೆಗೆ ಕೇಡು ತಪ್ಪಿದ್ದಲ್ಲ. ಹೊದಿಕೆ ಹರಿದರೆ ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಒಮ್ಮೆಗೇ ಹರಿದುಹೋಗುತ್ತದೆ. ತೊರೆಗಳು ಬೇಗನೆ ಬತ್ತುತ್ತವೆ. ಶಿಖರವನ್ನು ಎಂದೂ ಕಾಣದ ಬಯಲಿನ ರೈತನ ಬದುಕೂ ಅದರ ನೆತ್ತಿಯ ಹುಲ್ಲನ್ನು ನೆಚ್ಚಿಕೊಂಡಿದೆ.