ಕಾರಿನ ಬೆಲೆ ಬೇರೆ, ಕಾರಿನ ವೆಚ್ಚ ಬೇರೆ

ವಿಜಯಪುರ–ಹುಬ್ಬಳ್ಳಿ ಹೆದ್ದಾರಿಯಲ್ಲಿರುವ ಕೆರೂರದ ವ್ಯಾಪಾರಸ್ಥನಿಗೆ ಕಾರು ಭೋಗವಸ್ತುವಲ್ಲ. ಖರೀದಿ, ವಸೂಲಿ ಹಾಗೂ ಬ್ಯಾಂಕಿನ ಕೆಲಸಗಳಿಗೆ ಬೇಕಾದ ಸಾಧನ. ಆದರೂ ಕೊಳ್ಳುವಾಗ ಹೆಚ್ಚಿನವರು ಷೋರೂಮಿನ ಬೆಲೆಯನ್ನೂ ಮೈಲೇಜನ್ನೂ ಮಾತ್ರ ವಿಚಾರಿಸುತ್ತಾರೆ. ದುರಸ್ತಿಯ ವೆಚ್ಚ ಮತ್ತು ಮರುಮಾರಾಟದ ಬೆಲೆ ಲೆಕ್ಕಕ್ಕೆ ಬರುವುದೇ ಇಲ್ಲ.

1. ಕಿಲೋಮೀಟರಿಗೆ ಬೀಳುವ ವೆಚ್ಚ

ಎರಡು ಕಾರುಗಳು 8 ವರ್ಷಗಳಲ್ಲಿ ತಲಾ 1,60,000 ಕಿ.ಮೀ. ಓಡಿದವು ಎಂದು ಭಾವಿಸೋಣ (ಅಂಕಿಗಳು ಕೇವಲ ವಿವರಣೆಗಾಗಿ).

'ಅ' ಕಾರು: ಬೆಲೆ ರೂ. 8,00,000; ಮರುಮಾರಾಟ ರೂ. 3,00,000, ದುರಸ್ತಿ ರೂ. 2,20,000. ನಿವ್ವಳ ವೆಚ್ಚ ರೂ. 7,20,000, ಕಿ.ಮೀ.ಗೆ ರೂ. 4.50.

'ಬ' ಕಾರು: ಬೆಲೆ ರೂ. 7,20,000, ಮರುಮಾರಾಟ ರೂ. 1,20,000, ದುರಸ್ತಿ ರೂ. 4,00,000. ನಿವ್ವಳ ವೆಚ್ಚ ರೂ. 10,00,000, ಕಿ.ಮೀ.ಗೆ ರೂ. 6.25.

ಕೊಳ್ಳುವಾಗ ರೂ. 80,000 ಉಳಿಸಿದವನು ಕೊನೆಗೆ ರೂ. 2,80,000 ಹೆಚ್ಚು ತೆತ್ತಂತಾಯಿತು. ಇದರಲ್ಲಿ ಇಂಧನ, ವಿಮೆ ಮತ್ತು ಬಡ್ಡಿ ಸೇರಿಲ್ಲ.

2. ತಯಾರಕರ ಬಾಳಿಕೆ

ಕಾರು ಗಟ್ಟಿಯಾಗಿದ್ದರೆ ಸಾಲದು. ಅದರ ಕಂಪನಿಯೂ ಮಾರುಕಟ್ಟೆಯಲ್ಲಿ ಉಳಿಯಬೇಕು. ಅಂಬಾಸಿಡರ್ ಉತ್ಪಾದನೆ 2014ರಲ್ಲಿ ನಿಂತಿತು. ಜನರಲ್ ಮೋಟಾರ್ಸ್ 2017ರ ಅಂತ್ಯಕ್ಕೆ ಭಾರತದಲ್ಲಿ ಷೆವರ್ಲೆ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ದೇಶೀಯ ಮಾರಾಟಕ್ಕಾಗಿ ಕಾರು ತಯಾರಿಸುವುದನ್ನು ಕೈಬಿಡುವುದಾಗಿ ಪ್ರಕಟಿಸಿತು. ಸೇವೆ ಮುಂದುವರಿಯುವ ಭರವಸೆ ಇದ್ದರೂ, ಇಂತಹ ಸುದ್ದಿ ಬಂದೊಡನೆ ಹಳೆಯ ಕಾರನ್ನು ಕೊಳ್ಳುವವರು ಹಿಂಜರಿಯುತ್ತಾರೆ. ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗುವ ಕಾರಿನ ಬಿಡಿಭಾಗಗಳು ಸಣ್ಣ ಊರಿನ ಅಂಗಡಿಯಲ್ಲಿಯೂ ಸಿಗುತ್ತವೆ. ಅದರ ಕೆಲಸ ಬಲ್ಲ ಮೆಕ್ಯಾನಿಕರೂ ಹತ್ತಿರದಲ್ಲಿರುತ್ತಾರೆ. ಬಿಡಿಭಾಗಕ್ಕಾಗಿ ವಾರಗಟ್ಟಲೆ ನಿಂತ ಕಾರಿನ ಬದಲಿಗೆ ತೆರುವ ಬಾಡಿಗೆಯೂ ದುರಸ್ತಿಯ ವೆಚ್ಚವೇ.

3. ತೆರಿಗೆಯ ದೃಷ್ಟಿ

ಸ್ವಂತ ವ್ಯವಹಾರಕ್ಕೆ ಬಳಸುವ ಸಾಮಾನ್ಯ ಪ್ರಯಾಣಿಕ ಕಾರಿನ ಖರೀದಿಗೆ ಮಾತ್ರವಲ್ಲ, ಅದರ ದುರಸ್ತಿ ಮತ್ತು ವಿಮೆಗೂ ಜಿ.ಎಸ್.ಟಿ.ಯ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ರೂ. 10,000ದ ದುರಸ್ತಿಗೆ ಶೇ. 18ರಂತೆ ಕಟ್ಟುವ ರೂ. 1,800 ಪೂರ್ಣವಾಗಿ ಮಾಲೀಕನ ಹೊರೆ. ಸರಕು ಸಾಗಣೆ ವಾಹನಕ್ಕೆ ಈ ನಿರ್ಬಂಧವಿಲ್ಲ. ಆದರೆ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಅಲ್ಲಿಯೂ ಜಮೆ ಇಲ್ಲ. ಆದಾಯ ತೆರಿಗೆಯಲ್ಲಿ ಅಂದಾಜು ಲಾಭ ತೋರಿಸುವವರು ದುರಸ್ತಿಯನ್ನೂ ಸವಕಳಿಯನ್ನೂ ಪ್ರತ್ಯೇಕವಾಗಿ ಕಳೆಯುವಂತಿಲ್ಲ.

4. ಮಾಡಬೇಕಾದುದು

ಕೊಳ್ಳುವ ಮುನ್ನ ಕ್ಲಚ್, ಸಸ್ಪೆನ್ಷನ್ ಮತ್ತು ಬಂಪರ್‌ಗಳ ಬೆಲೆಯನ್ನು ಬರೆಸಿಕೊಳ್ಳಬೇಕು. ಅದೇ ಮಾದರಿಯ ಐದಾರು ವರ್ಷ ಹಳೆಯ ಕಾರಿನ ಮಾರುಕಟ್ಟೆ ಬೆಲೆಯನ್ನು ವಿಚಾರಿಸಬೇಕು. ಕೊಂಡ ಮೇಲೆ ಪ್ರತಿ ಕಾರಿಗೂ ಪ್ರತ್ಯೇಕ ಖಾತೆ ತೆರೆದು, ಪ್ರತಿ ಬಿಲ್ಲಿನೊಂದಿಗೆ ಓಡಿದ ಕಿಲೋಮೀಟರನ್ನೂ ದಾಖಲಿಸಬೇಕು. ಮುಂದಿನ ಕಾರನ್ನು ಆರಿಸುವಾಗ ಜಾಹೀರಾತಿಗಿಂತ ಈ ಖಾತೆಯೇ ಹೆಚ್ಚು ನಂಬಿಕೆಗೆ ಅರ್ಹ.