ಲೆಕ್ಕಕ್ಕೆ ಬಾರದ ಆಸ್ತಿ: ನೇಮಕಾತಿಯಲ್ಲಿ ಸಣ್ಣ ಉದ್ದಿಮೆಗಳಿಗೊಂದು ಪಾಠ

ಐದು ಲಕ್ಷ ರೂಪಾಯಿಯ ಲೇತ್ ಯಂತ್ರವನ್ನು ಕೊಳ್ಳುವ ಮುನ್ನ ಕಾರ್ಖಾನೆಯ ಮಾಲೀಕರು ಮೂರು ಕಡೆಯಿಂದ ಕೊಟೇಶನ್ ತರಿಸುತ್ತಾರೆ, ಯಂತ್ರವನ್ನು ಓಡಿಸಿ ನೋಡುತ್ತಾರೆ, ಬ್ಯಾಂಕಿನೊಡನೆ ಬಡ್ಡಿಯ ದರ ಚರ್ಚಿಸುತ್ತಾರೆ. ಅದೇ ಯಂತ್ರವನ್ನು ನಡೆಸುವ ಟರ್ನರನನ್ನು ಆರಿಸುವಾಗ ಐದು ನಿಮಿಷದ ಮಾತುಕತೆಯೇ ಸಾಕೆನಿಸುತ್ತದೆ. ಆತನ ಸಂಬಳ ತಿಂಗಳಿಗೆ 20,000 ರೂಪಾಯಿ ಎಂದಿಟ್ಟುಕೊಂಡರೂ ಐದು ವರ್ಷಗಳಲ್ಲಿ ಸಂದಾಯವಾಗುವ ಮೊತ್ತ 12 ಲಕ್ಷ ರೂಪಾಯಿ. ಭವಿಷ್ಯನಿಧಿ, ಬೋನಸ್, ಸಂಬಳ ಏರಿಕೆಗಳು ಇದರಲ್ಲಿ ಸೇರಿಲ್ಲ. ದೊಡ್ಡ ಖರೀದಿ ಯಾವುದೆಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ.

ಇನ್ಫೋಸಿಸ್‌ನ ನಿದರ್ಶನ

1981ರಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರುಗಳು 10,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. 1993ರಲ್ಲಿ ಸಾರ್ವಜನಿಕರಿಗೆ ಷೇರು ನೀಡಿತು. 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯಲ್ಲಿ ನೋಂದಾಯಿತವಾಯಿತು. ಕಚ್ಚಾಮಾಲಿನ ದಾಸ್ತಾನಾಗಲಿ ಭಾರೀ ಯಂತ್ರಗಳಾಗಲಿ ಇಲ್ಲದ ಇಂತಹ ಸಂಸ್ಥೆಗೆ ನೌಕರರ ಜ್ಞಾನವೇ ಬಂಡವಾಳ. ಆದುದರಿಂದ ಸಂದರ್ಶನವು ಅಲ್ಲಿ ಖರೀದಿ ವಿಭಾಗದಷ್ಟೇ ಮಹತ್ವದ ಸ್ಥಾನ ಪಡೆಯಿತು.

ಅಭ್ಯರ್ಥಿಗೆ ಈಗಾಗಲೇ ಏನು ಗೊತ್ತಿದೆ ಎಂಬುದಕ್ಕಿಂತ, ಹೊಸದನ್ನು ಎಷ್ಟು ಬೇಗ ಕಲಿಯಬಲ್ಲನೆಂಬುದಕ್ಕೆ ಈ ಸಂಸ್ಥೆ ಹೆಚ್ಚು ಬೆಲೆ ಕೊಟ್ಟಿತು. ಒಂದು ಅನುಭವದಿಂದ ಪಡೆದ ಅರಿವನ್ನು ಬೇರೊಂದು ಸಂದರ್ಭಕ್ಕೆ ಅನ್ವಯಿಸುವ ಶಕ್ತಿಯೇ ಈ ಕಲಿಕಾ ಸಾಮರ್ಥ್ಯ. ಆಯ್ಕೆಯಾದ ಹೊಸ ಪದವೀಧರರಿಗೆ ಮೈಸೂರಿನ ಆವರಣದಲ್ಲಿ ತಿಂಗಳುಗಟ್ಟಲೆ ತರಬೇತಿ ನೀಡುವ ಪದ್ಧತಿಯೂ ಬೆಳೆಯಿತು. 1994ರಲ್ಲಿಯೇ ನೌಕರರಿಗೆ ಷೇರಿನ ಪಾಲು ನೀಡುವ ಯೋಜನೆ ಆರಂಭವಾಗಿತ್ತು.

ಲೆಕ್ಕಶಾಸ್ತ್ರದ ದೃಷ್ಟಿ

ನೌಕರವರ್ಗವನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸಲಾಗುವುದಿಲ್ಲ. ನುರಿತ ಸಿಬ್ಬಂದಿಯ ಮೇಲೆ ಸಂಸ್ಥೆಗೆ ಸಾಮಾನ್ಯವಾಗಿ ಸಾಕಷ್ಟು ಹತೋಟಿ ಇರುವುದಿಲ್ಲವೆಂಬುದು ಲೆಕ್ಕಪತ್ರ ಮಾನದಂಡ 26ರ ನಿಲುವು. ಆದರೂ ಇನ್ಫೋಸಿಸ್ ಹಲವು ವರ್ಷಗಳ ವಾರ್ಷಿಕ ವರದಿಗಳಲ್ಲಿ ಮಾನವ ಸಂಪನ್ಮೂಲದ ಮೌಲ್ಯವನ್ನು ಪೂರಕ ಮಾಹಿತಿಯಾಗಿ ಪ್ರಕಟಿಸಿತು. ಇದಕ್ಕೆ ಆಧಾರ 1971ರ ಲೆವ್ ಮತ್ತು ಶ್ವಾರ್ಟ್ಜ್ ವಿಧಾನ. ನೌಕರನು ಮುಂದೆ ಪಡೆಯಲಿರುವ ಗಳಿಕೆಯನ್ನು ಅಂದಾಜಿಸಿ, ಬಡ್ಡಿಯ ದರದಿಂದ ಅದನ್ನು ಇಂದಿನ ಮೌಲ್ಯಕ್ಕೆ ಇಳಿಸುವುದೇ ಇದರ ಸಾರ.

ಮೇಲಿನ ಟರ್ನರನ ವಾರ್ಷಿಕ 2.40 ಲಕ್ಷ ರೂಪಾಯಿಯನ್ನು ಐದು ವರ್ಷಗಳಿಗೆ ಶೇಕಡಾ 10ರ ದರದಲ್ಲಿ ಲೆಕ್ಕ ಹಾಕಿದರೆ ಇಂದಿನ ಮೌಲ್ಯ ಸುಮಾರು 9.10 ಲಕ್ಷ ರೂಪಾಯಿ. ಈ ವಿಧಾನಕ್ಕೆ ಮಿತಿಯೂ ಉಂಟು: ಅದು ಸಂಬಳವನ್ನು ಅಳೆಯುತ್ತದೆಯೇ ಹೊರತು ದುಡಿಮೆಯ ಫಲವನ್ನಲ್ಲ. ಆ ಫಲವನ್ನು ನಿರ್ಧರಿಸುವುದು ಸರಿಯಾದ ಆಯ್ಕೆ.

ಸಣ್ಣ ಘಟಕಗಳು ಅನುಸರಿಸಬಹುದಾದ ಕ್ರಮ

1. ಅಭ್ಯರ್ಥಿಯನ್ನು ಕರೆಯುವ ಮೊದಲು ಕೆಲಸದ ಸ್ವರೂಪವನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳಿರಬೇಕು.

2. ಮಾತಿಗಿಂತ ಕೆಲಸವನ್ನು ನೋಡಬೇಕು. ಟರ್ನರನಿಗೆ ನಕ್ಷೆ ಮತ್ತು ವರ್ನಿಯರ್ ಕ್ಯಾಲಿಪರ್ ಕೊಟ್ಟು ಅಳತೆ ಹೇಳಿಸಬೇಕು. ಲೆಕ್ಕದ ಗುಮಾಸ್ತನಿಗೆ ಹತ್ತು ವೋಚರುಗಳನ್ನು ಕೊಟ್ಟು ನಗದು ಪುಸ್ತಕ ಬರೆಸಬೇಕು.

3. ಆತನಿಗೆ ತಿಳಿಯದ ಚಿಕ್ಕ ಕೆಲಸವೊಂದನ್ನು ಹದಿನೈದು ನಿಮಿಷ ಕಲಿಸಿ, ಬಳಿಕ ಮಾಡಿಸಿ ನೋಡಬೇಕು. ಕಲಿಕಾ ಸಾಮರ್ಥ್ಯಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆಯಿಲ್ಲ.

4. ಸಂಬಳ, ಹೆಚ್ಚುವರಿ ದುಡಿಮೆ, ರಜೆ, ಭವಿಷ್ಯನಿಧಿಗಳ ಬಗ್ಗೆ ನಿಜವನ್ನೇ ಹೇಳಬೇಕು. ಸಂದರ್ಶನದಲ್ಲಿ ಅಭ್ಯರ್ಥಿಯೂ ಮಾಲೀಕರನ್ನು ಅಳೆಯುತ್ತಿರುತ್ತಾನೆ.

5. ನೇಮಕಾತಿ ಪತ್ರವನ್ನು ಲಿಖಿತವಾಗಿ ನೀಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ಇದಕ್ಕೆ ಒತ್ತು ನೀಡಿವೆ.

ಬಿಟ್ಟುಹೋಗದಿರಲೆಂದು ನೌಕರನ ಮೂಲ ಅಂಕಪಟ್ಟಿಯನ್ನು ಕಪಾಟಿನಲ್ಲಿಟ್ಟುಕೊಳ್ಳುವ ರೂಢಿ ಕೆಲವೆಡೆ ಉಂಟು. ಅಂಕಪಟ್ಟಿ ಕಾಗದವನ್ನು ಹಿಡಿದಿಟ್ಟೀತೇ ಹೊರತು ಮನಸ್ಸನ್ನಲ್ಲ. ಒಳ್ಳೆಯ ಅಭ್ಯರ್ಥಿ ಅಂತಹ ಬಾಗಿಲನ್ನು ತಟ್ಟುವುದೂ ಇಲ್ಲ.

ದೊಡ್ಡ ಸಂಸ್ಥೆಯ ತರಬೇತಿ ವೆಚ್ಚ ಸಣ್ಣ ಘಟಕಕ್ಕೆ ಎಟುಕದು. ಆದರೆ ಹೊಸಬನನ್ನು ಒಂದು ತಿಂಗಳು ಅನುಭವಿ ಕೆಲಸಗಾರನ ಜೊತೆಗಿರಿಸಲು ಅಡ್ಡಿಯಿಲ್ಲ. ಮಾರ್ಚ್ 31ರಂದು ದಾಸ್ತಾನನ್ನು ಎಣಿಸುವ ಉದ್ಯಮಿಗಳು, ಆ ವರ್ಷ ಸೇರಿದವರೆಷ್ಟು, ಬಿಟ್ಟುಹೋದವರೆಷ್ಟು, ಬಿಟ್ಟದ್ದೇಕೆ ಎಂಬುದನ್ನೂ ಅದೇ ದಿನ ಬರೆದಿಟ್ಟರೆ, ಮುಂದಿನ ವರ್ಷದ ಲಾಭ-ನಷ್ಟಕ್ಕೆ ಅರ್ಧ ವಿವರಣೆ ಅಲ್ಲಿಯೇ ದೊರೆಯುತ್ತದೆ.