ಶಾಲೆಯ ಧ್ಯಾನವೂ ಮನೆಯ ಹೊಣೆಯೂ

ಹದಿಹರೆಯದ ಮಕ್ಕಳ ಚಿತ್ತಕ್ಷೋಭೆಗೆ ಶಾಲೆಯಲ್ಲಿ ಕಲಿಸುವ ಸಾವಧಾನದ ಅಭ್ಯಾಸವೊಂದೇ ಸಿದ್ಧೌಷಧವೆಂದು ನಂಬಿ ನಿಶ್ಚಿಂತರಾಗುವ ಮುನ್ನ, ತಂದೆತಾಯಿಗಳೂ ಉಪಾಧ್ಯಾಯರೂ ಬ್ರಿಟನ್ನಿನ ಅನುಭವವನ್ನೊಮ್ಮೆ ಪರ್ಯಾಲೋಚಿಸುವುದು ಯುಕ್ತ. ಅಲ್ಲಿಯ 85 ಶಾಲೆಗಳ 8,000ಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನೊಳಗೊಂಡು ನಡೆದು, 2022ರಲ್ಲಿ ಫಲಿತಾಂಶ ಪ್ರಕಟವಾದ ‘ಮಿರಿಯಡ್’ ಎಂಬ ಸಂಶೋಧನೆಯು, ಉಸಿರಾಟದ ಕಡೆಗೂ ದೇಹದ ಸಂವೇದನೆಗಳ ಕಡೆಗೂ ಗಮನವನ್ನು ತಿರುಗಿಸಲು ಕಲಿತ ಮಕ್ಕಳ ಮನಃಸ್ವಾಸ್ಥ್ಯವು, ವಾಡಿಕೆಯ ಪಾಠಗಳನ್ನಷ್ಟೇ ಕೇಳಿದವರದಕ್ಕಿಂತ ಒಟ್ಟಿನಲ್ಲಿ ಉತ್ತಮಗೊಳ್ಳಲಿಲ್ಲವೆಂದು ತೋರಿಸಿತು. ಮನೆಯಲ್ಲಿ ಅದನ್ನು ರೂಢಿಸಿಕೊಂಡವರಂತೂ ವಿರಳ. ಅಭ್ಯಾಸವು ವ್ಯರ್ಥವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಆದರೆ ಒಲ್ಲದವರ ಮೇಲೆ ಹೇರಿದ ಮೌನವು ಶಾಂತಿಯೆನಿಸಲಾರದು. ಪರೀಕ್ಷೆಗೆ ಮುನ್ನ ಎದೆ ಡವಗುಟ್ಟುವ ಬಾಲಕನಿಗೆ, ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸುತ್ತ ನಾಲ್ಕು ಬಾರಿ ನಿಧಾನವಾಗಿ ಉಸಿರಾಡುವುದನ್ನು ಹೇಳಿಕೊಡಿರಿ; ಕಣ್ಣು ಮುಚ್ಚಲು ಅಂಜುವ ಬಾಲಕಿಯನ್ನು ಬಲವಂತಪಡಿಸದಿರಿ. ನಿದ್ರೆ, ಆಟ, ಸ್ನೇಹ, ಸಮಾಧಾನದಿಂದ ಕಿವಿಗೊಡುವ ಹಿರಿಯರು, ಇವುಗಳ ಸ್ಥಾನವನ್ನು ಧ್ಯಾನವು ತುಂಬಲಾರದು. ಮಗುವಿನ ಮ್ಲಾನತೆಯು ವಾರಗಟ್ಟಲೆ ಕರಗದೆ ಉಳಿದರೆ ವೈದ್ಯರನ್ನು ಕಾಣಿರಿ. ಬದುಕೇ ಬೇಡವೆಂಬ ಮಾತು ಅದರ ಬಾಯಲ್ಲಿ ಬಂದರಂತೂ ಕ್ಷಣಕಾಲವೂ ತಡೆಯದಿರಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.